ಎರಡನೆಯ ಗುಳಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಾಜರಿ ಪುಸ್ತಕದ ಹೊರಗೆ ತಮ್ಮ ಹೆಸರು ಎಲ್ಲಿ ಕಂಡರೂ ಅವರಿಗೆ ಮುಜುಗರವಾಗುತ್ತಿತ್ತು. ಹುಡುಗರು ಹಿಂದಿನಿಂದ ‘ಸಿಡ್ಲು ಸರ್’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬಿದ್ದ ದಿನ ಮೀಸೆಯ ಕೆಳಗೆ ಸಣ್ಣಗೆ ನಕ್ಕಿದ್ದನ್ನು ನಾನು ನೋಡಿದ್ದೇನೆ. ಕುಷ್ಟಗಿ ಕಡೆಯ ಒಂದು ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಹೇಳುತ್ತಿದ್ದರು, ನಾನು ಕನ್ನಡ. ಅವರ ಪ್ರಯೋಗಾಲಯಕ್ಕೂ ನಮ್ಮ ವಿಭಾಗಕ್ಕೂ ನಡುವೆ ಒಂದೇ ಗೋಡೆ. ಆ ಗೋಡೆಯಾಚೆಯಿಂದ ಬರುತ್ತಿದ್ದ ಸದ್ದಿಗೆ ಎಂಟು ವರ್ಷವಾದರೂ ನಾನು ಒಗ್ಗಲಿಲ್ಲ.

ಸದ್ದಿಗಿಂತ ಮುಂಚೆ ಅವರು ಬರುತ್ತಿದ್ದರು. ಕೈಯಲ್ಲಿ ಬಾಯಿ ಅಂಟಿಸಿದ ಒಂದು ಕಂದು ಲಕೋಟೆ.

“ಪಂಡಿತ್ರ, ಇದರ ಬಾಯಿ ಮ್ಯಾಲ ಒಂದು ಸಹಿ ಹಾಕ್ರಿ. ಕಪಾಟಿನಾಗ ಇಟ್ಟು ಕೀಲಿ ಹಾಕ್ರಿ. ಹೊಡತ ಆಗೂತನಕ ನಾ ಕಾಲಿಗೆ ಬಿದ್ದು ಕೇಳಿದ್ರೂ ಕೊಡಬ್ಯಾಡ್ರಿ.”

“ನನಗ ಇದರಾಗ ಏನ್ ತಿಳೀತೈತ್ರಿ ಸರ? ನಿಮ್ಮ ವಿಭಾಗದಾಗ ಯಾರೂ ಸಿಗಲಿಲ್ಲೇನು?”

“ಏನೂ ತಿಳಿಯಾಂಗಿಲ್ಲ ಅನ್ನೂದ ನಿಮ್ಮ ಅರ್ಹತಾ. ತಿಳಿದವ್ರ ಕೈಯಾಗ ಕೊಟ್ರ ಸಂಜಿ ಅನ್ನೂದ್ರಾಗ ತಿದ್ದಿ ಇಟ್ಟಿರ್ತಾರ. ನನ್ನ ಮ್ಯಾಲಂತೂ ನನಗ ನಂಬಿಕಿ ಇಲ್ಲ.”

ಯಂತ್ರವನ್ನು ಅವರು ನನಗೆ ಎಷ್ಟು ಸಲ ವಿವರಿಸಿದ್ದರೆಂದರೆ ಈಗ ನಾನೇ ಹೇಳಬಲ್ಲೆ. ಹಾಲಿನ ಕ್ಯಾನಿನಷ್ಟು ದೊಡ್ಡ ಉಕ್ಕಿನ ಪಾತ್ರೆ, ಅದರ ನಡುವೆ ಹೆಬ್ಬೆರಳು ದಪ್ಪದ ತಾಮ್ರದ ಸರಳು. ಪಾತ್ರೆಯೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ, ಚೂರೇ ಚೂರು ಹೈಡ್ರೋಜನ್ ಬಿಡಬೇಕು. ಪಕ್ಕದಲ್ಲಿ ಟ್ರಂಕಿನ ಆಕಾರದ ಕೆಪಾಸಿಟರ್. ಅದರಲ್ಲಿ ನಿಧಾನವಾಗಿ ವಿದ್ಯುತ್ತು ತುಂಬಿಸಿ, ಎವೆ ಬಡಿಯುವುದರ ಸಾವಿರದ ಒಂದು ಪಾಲು ಹೊತ್ತಿನೊಳಗೆ ಅಷ್ಟನ್ನೂ ಸರಳಿಗೆ ಸುರಿಯಬೇಕು; ಅದೇ ಹೊಡೆತ. ಆಗ ಹೈಡ್ರೋಜನ್ ಕಾದು, ಪ್ಲಾಸ್ಮಾ ಎಂಬ ಹೊಳೆಯುವ ಗಾಳಿಯಾಗುತ್ತದೆ. ಸರಳಿನ ತಲೆಯ ಮೇಲೆ ನಾಲ್ಕೂ ಕಡೆಯಿಂದ ಒತ್ತಿಸಿಕೊಂಡು ನೂಲಿನೆಳೆಯಷ್ಟು ಸಣ್ಣಗಾಗುತ್ತದೆ.

“ಗಾಳೀನ ಚೂಟತೀವ್ರಿ ನಾವು, ಕೂಸಿನ ಗಲ್ಲ ಚೂಟಿದಂಗ,” ಎನ್ನುತ್ತಿದ್ದರು. “ಸೂರ್ಯ ತನ್ನ ಭಾರದಿಂದ ಒತ್ತತಾನ, ನಾವು ಕರೆಂಟಿನಿಂದ. ಬೈಜಿಕ ಸಮ್ಮಿಲನ ಅಂತ ದೊಡ್ಡ ಹೆಸರು. ನಮ್ಮದು ಆ ಮನಿ ಅಂಗಳದ ಕಸ ಹೊಡಿಯೂ ಕೆಲಸ. ಒಳಗ ಯಾರೂ ಕರಿಯಾಂಗಿಲ್ಲ.”

ಪಾತ್ರೆ ಮಾಡಿಕೊಟ್ಟವನು ಗಂಗಾವತಿಯಲ್ಲಿ ರೈಸ್ ಮಿಲ್ಲಿನ ರೋಲರ್ ಕಡೆಯುವ ಲೇಥ್ ಮೇಸ್ತ್ರಿ. ಕಡೆದು ಮುಗಿಸಿ ಅವನು ಕೇಳಿದನಂತೆ: “ಇದ್ರಾಗ ತಾಸಿಗೆ ಎಷ್ಟು ಚೀಲ ಹಾಕ್ತೀರಿ ಸರ?”

“ಹಾಕಾಂಗಿಲ್ಲಪಾ, ಇದ್ದದ್ದನ್ನ ತಗೀತೀವಿ.”

“ತಗದು?”

“ಉಳಿದ ಚೂರನ್ನ ಸುಡತೀವಿ.”

ಮೇಸ್ತ್ರಿ ಕೈ ಒರೆಸಿಕೊಂಡು, “ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?” ಎಂದನಂತೆ. ಇದನ್ನು ಹೇಳಿ ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ಪ್ಲಾಸ್ಮಾ ಚೂಟಿಸಿಕೊಂಡ ಕ್ಷಣದಲ್ಲಿ, ಕರೆಂಟಿನ ಏರಿಳಿತ ಬರೆಯುವ ಆಸಿಲೋಸ್ಕೋಪಿನ ಪರದೆಯ ಮೇಲೆ ಗುಡ್ಡದಂತೆ ಏರಿದ ಗೆರೆ ತಟ್ಟನೆ ತಗ್ಗಿ ಒಂದು ಗುಳಿ ಬೀಳುತ್ತದೆ. ಅದೇ ಹೊಡೆತವನ್ನು ಕಂಪ್ಯೂಟರಿನಲ್ಲಿ ಲೆಕ್ಕವಾಗಿಯೂ ಹೊಡೆಯಬಹುದು. ಅಲ್ಲೂ ಗೆರೆ ಏರುತ್ತದೆ, ಅಲ್ಲೂ ಗುಳಿ ಬೀಳುತ್ತದೆ. ಈ ಎರಡು ಗೆರೆಗಳನ್ನು ಹೋಲಿಸುವುದೇ ಅವರು ಐವತ್ತು ದಾಟಿದ ಮೇಲೆ ಹಿಡಿದ ಪಿಎಚ್‌ಡಿ. ಲೆಕ್ಕದೊಳಗೆ ತಿರುಗಿಸಲು ಬರುವ ಒಂದೆರಡು ಗುಂಡಿಗಳಿರುತ್ತವೆ. ಹೊಡೆತವಾದ ಮೇಲೆ ಅವುಗಳನ್ನು ಇಷ್ಟಿಷ್ಟು ತಿರುಗಿಸಿದರೆ ಯಾವ ಲೆಕ್ಕವನ್ನಾದರೂ ಯಾವ ಯಂತ್ರಕ್ಕಾದರೂ ಹೊಂದಿಸಬಹುದು. ಅದಕ್ಕಾಗಿಯೇ ಲಕೋಟೆ. ಲೆಕ್ಕದ ಗೆರೆಯನ್ನು ಮೊದಲೇ ಬಟರ್ ಪೇಪರಿನ ಮೇಲೆ ಪೆನ್ಸಿಲಿನಿಂದ ಎಳೆದು, ಮುಚ್ಚಿ, ನನ್ನ ಕೀಲಿಯಲ್ಲಿಟ್ಟು, ಆಮೇಲೆ ಯಂತ್ರ ಹೊಡೆಯುವುದು. ಹೊಡೆದು ಬಂದ ಮೇಲೆ ನನ್ನೆದುರೇ ಲಕೋಟೆ ಹರಿದು, ಯಂತ್ರದ ಗೆರೆಯ ಮೇಲೆ ಬಟರ್ ಪೇಪರನ್ನು ಹಾಸುತ್ತಿದ್ದರು. ಹಾಸುವಾಗ ಅಂಚಿಗೆ ಅಂಚು ಕೂಡಿಸಿ ಎರಡೆರಡು ಸಲ ನೋಡುತ್ತಿದ್ದರು.

ಸದ್ದಿನ ಬಗ್ಗೆ ಹೇಳಬೇಕು. ನಮ್ಮ ಕಡೆ ಕಲ್ಲು ಕ್ವಾರಿಗಳ ಸ್ಫೋಟ ಕೇಳಿ ಬೆಳೆದವರು ನಾವು; ಅದು ದೂರದಲ್ಲಿ ಹುಟ್ಟಿ ನೆಲದೊಳಗಿಂದ ಬರುತ್ತದೆ. ಇದು ಹಾಗಲ್ಲ. ಒಣ ಹಲಗೆ ತಲೆಯ ಪಕ್ಕದಲ್ಲೇ ಮುರಿದಂತೆ ಒಂದೇ ಒಂದು ಏಟು. ಅದಕ್ಕೆ ಮುಂಚಿನ ಎರಡು ನಿಮಿಷ ಇನ್ನೂ ಕೆಟ್ಟದ್ದು. ಎಷ್ಟು ವಿದ್ಯುತ್ತು ತುಂಬಿತೆಂದು ತೋರಿಸುವ ಮೀಟರಿನ ಮುಳ್ಳು ಮೇಲೇರುತ್ತಿರುವಾಗ ಗೋಡೆಯ ಈಚೆ ಕುಳಿತ ನನ್ನ ಮುಂಗೈ ಕೂದಲು ನಿಲ್ಲುತ್ತಿದ್ದವು. ಹೆದರಿಕೆಯಿಂದಲೋ ಕರೆಂಟಿನಿಂದಲೋ ತಿಳಿಯದು. ನಡು ಮಧ್ಯಾಹ್ನ, ಬಿಸಿಲು ಧಗಧಗ ಎನ್ನುತ್ತಿದ್ದರೂ ಏಟಾದ ಮೇಲೆ ಬೇವಿನ ಮರದ ಗುಬ್ಬಿಗಳು ಉಸಿರೆತ್ತುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಮಳೆಯಿಲ್ಲದೆ ಮಳೆಯ ವಾಸನೆ ಬರುತ್ತಿತ್ತು.

ಆ ಕೋಣೆಯ ಅಟೆಂಡರ್ ಈರಣ್ಣ. ಹಣೆಗೆ ಮೂರು ಬೆರಳಿನ ವಿಭೂತಿ ಇಲ್ಲದೆ ನಾನು ಅವನನ್ನು ನೋಡಿದ್ದೇ ಇಲ್ಲ. ನಮ್ಮ ಸರ್ ಹಣೆ ಮಾತ್ರ ಸದಾ ಬರಿದು. ದೇವರ ಮಾತು ತೆಗೆದರೆ, “ನನ್ನ ಲೆಕ್ಕದಾಗ ಅವನ ಹೆಸರು ಇನ್ನೂ ಬಂದಿಲ್ಲಪಾ” ಎಂದು ತೇಲಿಸಿಬಿಡುತ್ತಿದ್ದರು. ಈರಣ್ಣ ಅದಕ್ಕೆ, “ಬಂದಾಗ ನಿಮ್ಮ ಕೈಯಾಗ ಪೆನ್ಸಿಲ್ ಇರಾಂಗಿಲ್ರಿ ಸರ” ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು.

ಒಂದು ದಿನ ಈರಣ್ಣನನ್ನು ಯಂತ್ರ ಎತ್ತಿ ಒಗೆಯಿತು. ಹೊಡೆತ ಮುಗಿದಿತ್ತು, ಮುಳ್ಳು ಸೊನ್ನೆಯಲ್ಲಿತ್ತು. ಕೆಪಾಸಿಟರಿನ ಮೇಲಿನ ಧೂಳು ಒರೆಸಲು ಕೈ ಚಾಚಿದ. ಮರುಕ್ಷಣ ಗೋಡೆಯ ಬುಡದಲ್ಲಿ ಬಿದ್ದಿದ್ದ. ಸರ್ ಓಡಿಹೋಗಿ ಎದೆ ಒತ್ತಿ ಒತ್ತಿ ಅವನನ್ನು ಉಳಿಸಿದರು. ಈ ಪೆಟ್ಟಿಗೆಗೆ ಒಂದು ಕೆಟ್ಟ ಗುಣವಿದೆಯಂತೆ. ಪೂರ್ತಿ ಬರಿದು ಮಾಡಿದರೂ ಸುಮ್ಮನೆ ಬಿಟ್ಟರೆ ತನ್ನಷ್ಟಕ್ಕೆ ತಾನೇ ಮತ್ತೆ ಸ್ವಲ್ಪ ತುಂಬಿಕೊಳ್ಳುತ್ತದೆ. ಮುಳ್ಳು ಯಾರೂ ಮುಟ್ಟದೆ ಏಳುವುದನ್ನು ಅವರು ನನಗೂ ತೋರಿಸಿದರು. ಖಾಲಿ ಕೋಣೆಯಲ್ಲಿ, ಪ್ಲಗ್ ಕಿತ್ತಿಟ್ಟ ಯಂತ್ರದಲ್ಲಿ, ಆ ಮುಳ್ಳು ನಿದ್ದೆಯಿಂದೇಳುವ ಮುದುಕನಂತೆ ನಡುಗುತ್ತ ಮೇಲೆ ಬಂದಿತು.

“ಸತ್ತಂಗ ಕಾಣತೈತ್ರಿ ಪಂಡಿತ್ರ. ಒಳಗ ನೆನಪು ಉಳದಿರತೈತಿ.”

ಅಂದಿನಿಂದ ನಿಯಮವಾಯಿತು. ಹೊಡೆತವಾದ ಕೂಡಲೇ, ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೋಲನ್ನು ಮುಟ್ಟಿಸಬೇಕು, ನೂರು ಎಣಿಸಬೇಕು, ಮತ್ತೆ ಮುಟ್ಟಿಸಿ, ಮುಳ್ಳು ಮತ್ತೆ ಏಳದಂತೆ ಕೋಲನ್ನು ಅಲ್ಲೇ ತೂಗುಹಾಕಬೇಕು. ಎರಡನೆಯ ಸಲವೂ ಚಿಟ್ಟೆಂದು ಒಂದು ಸಣ್ಣ ಕಿಡಿ ಬರುತ್ತಿತ್ತು. ಈರಣ್ಣ ಪ್ರತಿ ಸಲ ಅದಕ್ಕೆ ಕೈ ಮುಗಿಯುತ್ತಿದ್ದ.

ಎರಡನೆಯ ಗುಳಿ ಕಾಣಿಸಿಕೊಂಡದ್ದು ಆಮೇಲೆ.

ಬಟರ್ ಪೇಪರ್ ಹಾಸಿದರು. ಲೆಕ್ಕದ ಗುಳಿಯ ಮೇಲೆ ಯಂತ್ರದ ಗುಳಿ ಸರಿಯಾಗಿ ಕೂತಿತು. ಆದರೆ ಅದರಾಚೆ ಯಂತ್ರದ ಗೆರೆಯಲ್ಲಿ ಇನ್ನೊಂದು ಸಣ್ಣ ತಗ್ಗು. ಲೆಕ್ಕದಲ್ಲಿ ಅದಿಲ್ಲ. ಒಮ್ಮೆ ಚೂಟಿ ಬಿಟ್ಟ ಎಳೆಯನ್ನು ಯಾರೋ ಮತ್ತೊಮ್ಮೆ ಚೂಟಿದಂತೆ.

“ಇದು ಯಾರದು?” ಎಂದರು. ಏನಿದು ಎನ್ನಲಿಲ್ಲ, ಯಾರದು ಎಂದರು. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಹತ್ತಿಪ್ಪತ್ತು ಹೊಡೆತಗಳಾದ ಮೇಲೆ ಸರಳಿನ ತಲೆ ಕಪ್ಪಾಗುತ್ತದೆ. ಪಾತ್ರೆ ಬಿಚ್ಚಿ ಸ್ಪಿರಿಟ್ಟಿನಿಂದ ಒರೆಸುವುದು ಈರಣ್ಣನ ಕೆಲಸ. ಎರಡನೆಯ ಗುಳಿಯ ಚಾಳಿ ವಿಚಿತ್ರವಾಗಿತ್ತು. ಒರೆಸಿದ ಮೇಲಿನ ಮೊದಲ ಹೊಡೆತದಲ್ಲಿ ಆಳವಾಗಿ ಬರುತ್ತಿತ್ತು. ಎರಡನೆಯದರಲ್ಲಿ ಕಡಿಮೆ. ಆರೇಳನೆಯದಕ್ಕೆ ಇಲ್ಲ. ಕೊಳೆಯಾದಂತೆಲ್ಲ ಹೋಗುತ್ತಿತ್ತು, ಒರೆಸಿದರೆ ಬರುತ್ತಿತ್ತು. ಸರ್ ಇನ್ನೂ ಚೊಕ್ಕ ಒರೆಸಲು ಹೇಳಿದರು. ಇನ್ನೂ ಆಳವಾಗಿ ಬಂತು. ಹುಲಿಹೈದರದ ನಮ್ಮಜ್ಜಿ, ಅಂಗಳ ಸಾರಿಸಿ ಬಾಗಿಲು ತೆರೆದಿಟ್ಟರೆ ಬರಬೇಕಾದವರಷ್ಟೇ ಬರುವುದಿಲ್ಲ ಎನ್ನುತ್ತಿದ್ದಳು. ನಾನದನ್ನು ಸರ್‌ಗೆ ಹೇಳಿ ತಪ್ಪು ಮಾಡಿದೆ. ಅವರು ನಗಲಿಲ್ಲ.

ಪ್ರಬಂಧ ಒಪ್ಪಿಸುವ ಕೊನೆಯ ದಿನ ಹತ್ತಿರ ಬರುತ್ತಿತ್ತು. ಅವಧಿಯನ್ನು ಆಗಲೇ ಎರಡು ಸಲ ಮುಂದೂಡಿಸಿಕೊಂಡಿದ್ದರು, ಮೂರನೆಯದು ಇರಲಿಲ್ಲ. ಮಾರ್ಗದರ್ಶಕರು ಫೋನಿನಲ್ಲಿ, ಒರೆಸಿದ ಮೇಲಿನ ಮೊದಲ ಹತ್ತು ಹೊಡೆತಗಳನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ನೀವೂ ಬಿಡಿ, ಉಳಿದದ್ದೆಲ್ಲ ಹೊಂದುತ್ತದಲ್ಲ ಎಂದರು. ತಪ್ಪೇನೂ ಹೇಳಿರಲಿಲ್ಲ.

“ಬಿಟ್ರ ಪದವಿ ಬರತೈತಿ,” ಎಂದರು ಸರ್ ನನ್ನ ಮೇಜಿನ ಮುಂದೆ ಕೂತು. “ಆದ್ರ ಅದು ಬರತೈತ್ರಿ, ಪಂಡಿತ್ರ. ಬಂದದ್ದನ್ನ ಬಂದಿಲ್ಲ ಅಂತ ಹ್ಯಾಂಗ ಬರೀಲಿ? ಯಾಕ ಬಂತು ಅಂತ ತಿಳಿಯೂತನಕ ನಾ ಒಪ್ಪಸಾಂಗಿಲ್ಲ.”

“ತಿಳೀಲಿಲ್ಲಂದ್ರ?”

“ಪದವಿ ಇಲ್ದ ಸಾಯತೀನಿ. ಭಾಳ ಮಂದಿ ಹಂಗ ಸತ್ತಾರ, ಏನೂ ಆಗಿಲ್ಲ ಅವರಿಗೆ.”

ಆ ಬೇಸಿಗೆಯಲ್ಲಿ ಅವರು ಹಳೆಯ ದಾಖಲೆ ಪುಸ್ತಕಗಳನ್ನೆಲ್ಲ ತೆಗೆದು ಕೂತರು. ಗೋಡೆಯಾಚೆ ಪುಟ ಮಗುಚುವ ಸದ್ದು, ನಡುವೆ ಎದ್ದು ನಡೆಯುವ ಸದ್ದು, ಯಂತ್ರದ ಮುಂದೆ ನಿಲ್ಲುವ ಮೌನ. ಒಮ್ಮೊಮ್ಮೆ ಅದರೊಂದಿಗೆ ಮಾತಾಡುವುದೂ ಕೇಳುತ್ತಿತ್ತು. ಬೈಗುಳವಲ್ಲ. “ಹೇಳಲಾ, ಹೇಳು,” ಎಂದು, ಹಟ ಹಿಡಿದ ಕೂಸಿಗೆ ಹೇಳುವ ಹಾಗೆ.

ಒಂದು ದಿನ ಬಂದು, ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದರು.

“ಪಂಡಿತ್ರ, ಇಬತ್ತಿ ಯಾತರಿಂದ ಮಾಡ್ತಾರ?”

ಆಕಳ ಸಗಣಿ ಸುಟ್ಟು, ಬೂದಿ ಸೋಸಿ, ಗಟ್ಟಿ ಕಟ್ಟುತ್ತಾರೆ ಎಂದು ನನಗೆ ತಿಳಿದಷ್ಟು ಹೇಳಿದೆ. ವಿಭೂತಿಯ ಮಾತು ಇವರ ಬಾಯಲ್ಲಿ! ನಿವೃತ್ತಿ ಹತ್ತಿರ ಬಂದವರಿಗೆಲ್ಲ ಹೀಗಾಗುತ್ತದೆ ಎಂದುಕೊಂಡು, “ಏನ್ರಿ ಸರ, ಕಡೀಗೂ ನಿಮ್ಮ ಲೆಕ್ಕದಾಗ ಅವನ ಹೆಸರು ಬಂತೇನು?” ಎಂದು ಚುಚ್ಚಿದೆ.

“ಹೆಸರಲ್ಲ. ಬೆರಳು,” ಎಂದು ಎದ್ದು ಹೋದರು.

ಅದಾಗಿ ವಾರದೊಳಗೆ ಒಂದು ಸಂಜೆ, ಕಾಲೇಜು ಬಿಡುವ ಹೊತ್ತಿಗೆ ಕೊನೆಯ ಲಕೋಟೆ ಕೊಟ್ಟರು. ಎಂದಿಗಿಂತ ಸ್ವಲ್ಪ ದಪ್ಪವಿತ್ತು. ನಾಳೆ ಹೊಡೆಯೋಣ ಎಂದರು. ಮುಖದಲ್ಲಿ ಬಹಳ ದಿನದ ಮೇಲೆ ಹಳೆಯ ನಗು. ನಾನು ಸಹಿ ಹಾಕುವಾಗ ಲಕೋಟೆಯ ಅಂಚಿನಲ್ಲಿ ಮೂರು ಬೆರಳಿನ ಬಿಳಿ ಗುರುತು ಕಂಡಿತು. ಸೀಮೆಸುಣ್ಣ ಎಂದುಕೊಂಡು ಒರೆಸಹೋದೆ.

“ಇರಲಿ ಬಿಡ್ರಿ,” ಎಂದರು.

ಅದೇ ಸಂಜೆ ಕುಷ್ಟಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಲ್ಲೇ ಅವರು ತೀರಿಹೋದರು. ಅವರ ಊರು ಬೇವೂರಿನ ಮೇಲೆ ಹೋಗುವ ಯಲಬುರ್ಗಾದ ಎರಡು ಬಸ್ಸು ಅವರ ಮುಂದೆಯೇ ಹೋದವಂತೆ. ಎರಡನೆಯ ಬಸ್ಸಿನ ಕಂಡಕ್ಟರ್ ಇಳಿದು ಬಂದು, “ಸರ, ಬೇವೂರಿಗೆ ಬರ್ತೀರಿಲ್ಲೋ?” ಎಂದು ಕೂಗಿಯೂ ಇದ್ದನಂತೆ. “ಮಲಗಿದಂಗ ಇದ್ರು, ಎಬ್ಬಿಸಬಾರದು ಅಂತ ಬಿಟ್ಟೆ,” ಎಂದು ಆಮೇಲೆ ಹಲುಬಿದ. ನಾನು ಹೋಗಿ ನೋಡಿದಾಗಲೂ ಹಾಗೇ ಇದ್ದರು. ಸತ್ತಂತೆ ಕಾಣಲಿಲ್ಲ. ಮರುದಿನ ಬೇವೂರಿನಲ್ಲಿ ಅವರನ್ನು ಕೂರಿಸಿ ಮಣ್ಣು ಮಾಡುವಾಗ ಬಂಧುಗಳು ಹಣೆಯ ತುಂಬ ವಿಭೂತಿ ಬಳಿದರು. ಬೇರೆ ಯಾರನ್ನೋ ಮಣ್ಣು ಮಾಡುತ್ತಿದ್ದೇವೆ ಅನ್ನಿಸಿತು.

ಲಕೋಟೆ ನನ್ನ ಕಪಾಟಿನಲ್ಲಿ ಉಳಿಯಿತು. ಹೊಡೆತವಾಗದೆ ಕೊಡಬೇಡಿ ಎಂದಿದ್ದರು, ಹೊಡೆಯುವವರು ಇರಲಿಲ್ಲ. ಕಪಾಟು ತೆಗೆದಾಗಲೆಲ್ಲ ಆ ಮೂರು ಬೆರಳು ಒಳಗಿನಿಂದ ಬಾಗಿಲು ಹಿಡಿದಂತೆ ಕಾಣುತ್ತಿದ್ದವು. ಕನ್ನಡ ನಿಘಂಟನ್ನು ಅದರ ಮೇಲಿಟ್ಟೆ.

ತಿಂಗಳೊಪ್ಪತ್ತಿನಲ್ಲಿ ಪ್ರಯೋಗಾಲಯವನ್ನು ಕಂಪ್ಯೂಟರ್ ಕೊಠಡಿ ಮಾಡಲು ತೆರವು ಮಾಡಬೇಕೆಂದು ನೋಟಿಸು ಬಂತು. ಆಗ ಬಂದವಳು ರೇಷ್ಮಾ. ಸರ್ ಕೈಯಲ್ಲೇ ಬಿ.ಎಸ್ಸಿ. ಓದಿ, ಈಗ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ. ಯಂತ್ರ ಹೊಡೆಯಲು ಬರುವುದು ಇನ್ನು ಅವಳೊಬ್ಬಳಿಗೇ.

“ಸರ್ ಲಕೋಟಿ ನಿಮ್ಮ ಹತ್ರ ಐತಂತಲ್ರಿ,” ಎಂದಳು. “ಗೆರಿ ಎಳದಿಟ್ಟು ಹೋಗ್ಯಾರ. ಹೊಡೀದ ಬಿಚ್ಚಿದ್ರ ಅವರಿಗೆ ಮೋಸ ಮಾಡಿದಂಗ. ಬಿಚ್ಚದ ಬಿಟ್ರೂ ಮೋಸ. ಒಂದ ಸಲ ಹೊಡದು ಬಿಡೋಣ್ರಿ.”

ಬೀಗ ತೆಗೆದವನು ಈರಣ್ಣ. ಸರ್ ಮುಚ್ಚಿದ ಪಾತ್ರೆ ಹಾಗೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಬಣ್ಣ ಬಳಿಯಲು ಅಳತೆ ತೆಗೆದುಕೊಂಡು ಹೋದವರು ಅರ್ಥಿಂಗ್ ಕೋಲನ್ನು ಮೂಲೆಗೆ ಒರಗಿಸಿದ್ದರು. ಮುಳ್ಳು ಸೊನ್ನೆಯಲ್ಲಿರಲಿಲ್ಲ. ತಿಂಗಳಿಂದ ಒಂದು ಹೊಡೆತವೂ ಆಗದ ಕೋಣೆಯಲ್ಲಿ, ಅದು ಬೆರಳಿನಗಲ ಮೇಲೆದ್ದು ನಿಂತಿತ್ತು. ನಾವು ಮೂವರೂ ಬಾಗಿಲಲ್ಲೇ ನಿಂತುಬಿಟ್ಟೆವು. ರೇಷ್ಮಾ ಮೊದಲು ಸಾವರಿಸಿಕೊಂಡು ಕೋಲು ಮುಟ್ಟಿಸಿದಳು. ಚಿಟ್ಟೆಂದಿತು.

ಅವಳು ಸರ್ ಬರೆದಿಟ್ಟ ಅಳತೆಯಂತೆಯೇ ಹೈಡ್ರೋಜನ್ ಬಿಟ್ಟಳು. ಮುಳ್ಳು ಏರಿತು. ಈ ಸಲ ನಾನು ಗೋಡೆಯ ಈಚೆಗಿರಲಿಲ್ಲ, ಆಚೆಗಿದ್ದೆ. ಏಟಾಯಿತು. ಮಳೆಯ ವಾಸನೆ ತುಂಬಿತು. ಪರದೆಯ ಮೇಲೆ ಗೆರೆ: ಒಂದು ಗುಳಿ. ಅದರಾಚೆ, ಹಿಂದೆಂದೂ ಕಾಣದಷ್ಟು ಆಳವಾಗಿ, ಎರಡನೆಯದು.

ಈರಣ್ಣ ಪರದೆಯತ್ತ ಬೆರಳು ಮಾಡಿದ. “ಆಗಾಕ ಸಾಧ್ಯ ಇಲ್ರಿ. ಈ ಸಲ ನಾ ಹಚ್ಚಿಲ್ಲ.”

“ಏನ್ ಹಚ್ಚಿಲ್ಲ?” ಎಂದಳು ರೇಷ್ಮಾ.

ಅವನು ಕಾಲಿನ ಹೆಬ್ಬೆರಳು ನೋಡುತ್ತ ಹೇಳಿದ. ಯಂತ್ರ ತನ್ನನ್ನು ಒಗೆದ ಮೇಲೆ ಅವನಿಗೆ ಭಯ ಹೊಕ್ಕಿತ್ತು. ತನ್ನ ಜೀವದ ಭಯವಲ್ಲ. “ಸರ್ ದಿನಾ ಅದರ ಮುಂದ ನಿಂದರ್ತಿದ್ರು. ಹಣಿ ಬರೇ ಇರ್ತಿತ್ತು. ಅವರಿಗೆ ಹಚ್ಚಾಕ ಹೋದ್ರ ಬೈತಿದ್ರು. ಅದಕ್ಕ ಒರಿಸಿದಾಗೊಮ್ಮೆ ಆ ತಾಮ್ರದ ತಲಿಗೆ ಮೂರು ಬೆರಳು ಇಬತ್ತಿ ಎಳೀತಿದ್ದೆ. ಅದಕ್ಕ ಹಚ್ಚಿದ್ರ ಅದು ಸುಮ್ನಿರತೈತಿ ಅಂತ. ಕಡೀ ಸಲ ಸರ್ ತಾವ ಒರಸ್ತೀನಿ ಅಂದು ನನ್ನ ಮನಿಗೆ ಕಳಿಸಿದ್ರು.”

ನಾನು ಲಕೋಟೆಯನ್ನು ಬೆಳಕಿಗೆ ಹಿಡಿದೆ. ಆ ಮೂರು ಗುರುತುಗಳು ಬಿಳಿಯಲ್ಲ, ಬೂದು. ಮೂಸಿದೆ. ಸೀಮೆಸುಣ್ಣಕ್ಕೆ ಆ ವಾಸನೆಯಿಲ್ಲ.

ಹರಿದೆವು. ಒಳಗೆ ಎರಡು ಬಟರ್ ಪೇಪರ್. ಒಂದರ ತಲೆಯ ಮೇಲೆ ‘ಹಚ್ಚಿದರೆ’, ಇನ್ನೊಂದರ ಮೇಲೆ ‘ಹಚ್ಚದಿದ್ದರೆ’. ಮೊದಲನೆಯದರಲ್ಲಿ ಎರಡು ಗುಳಿಗಳಿದ್ದವು. ರೇಷ್ಮಾ ಅದನ್ನು ಯಂತ್ರದ ಗೆರೆಯ ಮೇಲೆ ಹಾಸಿದಳು. ಬೇವೂರಿನ ಮಣ್ಣಿನೊಳಗಿದ್ದವರು ಎಳೆದ ಗೆರೆ, ಐದು ನಿಮಿಷದ ಹಿಂದೆ ಹುಟ್ಟಿದ ಗೆರೆಯ ಮೇಲೆ ಕೂದಲೆಳೆಯೂ ಆಚೀಚೆಯಾಗದೆ ಮಲಗಿತು. ಕೆಳಗೆ ಅವರ ಸಣ್ಣ ಅಕ್ಷರ: ‘ಈ ಸಲ ನಾನ ಹಚ್ಚೀನಿ.’

ಬೂದಿಯ ಭಾರವಾದ ಕಣಗಳು ಹೈಡ್ರೋಜನ್ನಿನೊಳಗೆ ಬೆರೆತರೆ ಶಾಖವನ್ನು ಬೆಳಕಾಗಿ ಚೆಲ್ಲಿಬಿಡುತ್ತವಂತೆ. ತಣಿದ ಎಳೆ ಇನ್ನೊಮ್ಮೆ ಒಳಕ್ಕೆ ಕುಸಿಯುತ್ತದಂತೆ. ರೇಷ್ಮಾ ಹಾಗೆ ವಿವರಿಸಿದಳು. ಸರ್ ಹಳೆಯ ಪುಸ್ತಕ ನೋಡಿ, ಗುಳಿ ಶುರುವಾದದ್ದು ಈರಣ್ಣ ಬಿದ್ದ ಮೇಲೆ ಎಂದೂ, ಒರೆಸಿದ ಮೇಲಷ್ಟೇ ಬರುವುದರಿಂದ ಅದು ಅವನ ಬೆರಳಿನ ವಿಭೂತಿಯೇ ಎಂದೂ ಹಿಡಿದಿದ್ದಾರೆ. ಆಮೇಲೆ ಲೆಕ್ಕಕ್ಕೂ ಬೂದಿ ತಿನ್ನಿಸಿದ್ದಾರೆ.

“ನನ್ನ ಒಂದ ಮಾತು ಕೇಳಬೇಕಿತ್ತಿಲ್ರೀ,” ಎಂದ ಈರಣ್ಣ. “ಮೂರು ವರ್ಷ ಅವರ ಬಾಯಾಗಿನ ತುತ್ತು ಕಸಕೊಂಡಂಗಾತು ನಾನು.”

“ಕೇಳಿದ್ರ ನೀವು ಹಚ್ಚೂದು ಬಿಟ್ಟಬಿಡ್ತಿದ್ರಿ, ಈರಣ್ಣಾರ,” ಎಂದಳು ರೇಷ್ಮಾ.

“ಬಿಡ್ತಿದ್ದಿಲ್ರಿ. ಕದ್ದು ಹಚ್ಚತಿದ್ದೆ.”

ರೇಷ್ಮಾಗೆ ನಗು ಬಂತು. ಬಂದ ನಗು ಹಾಗೇ ಅಳುವಾಗಿ, ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು.

ಎರಡನೆಯ ಕಾಗದ ಉಳಿದಿತ್ತು. ಬೂದಿಯಿಂದಲೇ ಎಂದು ಸಾಧಿಸಬೇಕಾದರೆ ಬೂದಿಯಿಲ್ಲದೆಯೂ ಒಮ್ಮೆ ಹೊಡೆದು ತೋರಿಸಬೇಕು. ಇಲ್ಲವಾದರೆ ಸರ್ ಪ್ರಬಂಧದ ಕೊನೆಯ ಅಧ್ಯಾಯ ಪೂರ್ತಿಯಾಗದು. ಮರುದಿನ ಪಾತ್ರೆ ಬಿಚ್ಚಿದೆವು. ಈರಣ್ಣ ಸ್ಪಿರಿಟ್ಟಿನ ಬಟ್ಟೆ ಹಿಡಿದು ಸರಳಿನ ತಲೆಯನ್ನು ಒರೆಸುತ್ತ ಒರೆಸುತ್ತ ನಿಂತುಬಿಟ್ಟ. ಸರ್ ಬೆರಳಿನ ಗುರುತೇನೂ ಉಳಿದಿರಲಿಲ್ಲ, ಸುಟ್ಟ ಕಪ್ಪಷ್ಟೇ. ಆದರೂ ಅದನ್ನು ಒರೆಸಲು ಅವನಿಗೆ ಕಾಲು ತಾಸು ಹಿಡಿಯಿತು. ಅವನ ಬಲಗೈ ಎರಡು ಸಲ ವಿಭೂತಿಯ ಜೇಬಿಗೆ ಹೋಗಿ ಬರಿದೇ ಬಂತು.

ಏಟಾಯಿತು. ರೇಷ್ಮಾ ಕಾಗದ ಹಾಸಿದಳು. ಒಂದೇ ಗುಳಿ. ಅದರಾಚೆ ಗೆರೆ ಯಾವ ತಗ್ಗೂ ಇಲ್ಲದೆ, ಸಾರಿಸಿದ ಅಂಗಳದ ಹಾಗೆ ನುಣ್ಣಗೆ ಇಳಿದುಹೋಗಿತ್ತು. ಲೆಕ್ಕವೂ ಯಂತ್ರವೂ ಒಂದೇ ಮಾತು ಹೇಳುತ್ತಿದ್ದವು. ಅವರು ಅಷ್ಟು ವರ್ಷ ಕಾದದ್ದು ಈ ಕಾಗದಕ್ಕೆ.

ಈರಣ್ಣ ಬಗ್ಗಿ ನೋಡಿದ. ಎರಡನೆಯ ಗುಳಿ ಇರಬೇಕಾದ ಜಾಗದ ಮೇಲೆ ಬೆರಳಿಟ್ಟ.

“ಸರ್ ಹೋದ್ರು ಅಂತ ಈಗ ಅನಸ್ತೈತ್ರಿ,” ಎಂದ.

ಆಮೇಲೆ ಕೋಲು ಮುಟ್ಟಿಸಿದ, ನೂರು ಎಣಿಸಿದ, ಮತ್ತೆ ಮುಟ್ಟಿಸಿದ. ಮುಳ್ಳು ಸೊನ್ನೆಗೆ ಬಂತು. ಕೋಲನ್ನು ಅಲ್ಲೇ ತೂಗುಹಾಕಬೇಕೆಂಬ ನಿಯಮ ಮೂವರಿಗೂ ಗೊತ್ತಿತ್ತು. ಈರಣ್ಣ ಕೋಲನ್ನು ಕೈಯಲ್ಲೇ ಹಿಡಿದು ನಿಂತ. ಹೊರಗೆ ಗುಬ್ಬಿಗಳು ಇನ್ನೂ ದನಿ ತೆಗೆದಿರಲಿಲ್ಲ. ನಾವು ಮೂವರೂ ಆ ಮುಳ್ಳನ್ನೇ ನೋಡುತ್ತ, ಅದು ಏಳಲೆಂದು ಕಾಯುತ್ತಿದ್ದೆವು.